ಮಸೀದಿಯ ಅರಬಿ, ಸಂತೆಯ ಅರಬಿ

ಕಣಕಟ್ಟೆ ಹೋಬಳಿಯ ನಮ್ಮ ಮನೆಗಳಿಗೆ ಅರಬಿ ಹೊಸ ಭಾಷೆಯಲ್ಲ. ಹುಟ್ಟಿದ ಮಗುವಿನ ಕಿವಿಗೆ ಮೊದಲು ಬೀಳುವುದು ಅಝಾನ್. ಐದಾರು ವರ್ಷಕ್ಕೆ ಅದೇ ಮಗು ಖಾಯಿದಾ ಹಿಡಿದು ಮಕ್ತಬ್‌ಗೆ ಹೋಗುತ್ತದೆ, ಅಲಿಫ್, ಬಾ, ತಾ ಕಲಿಯುತ್ತದೆ, ಕೆಲವು ವರ್ಷಗಳಲ್ಲಿ ಕುರ್‌ಆನ್ ಮುಗಿಸುತ್ತದೆ. ಮನೆಯಲ್ಲಿ ಸಿಹಿ ಹಂಚುತ್ತೇವೆ. ಇಷ್ಟಾದ ಮೇಲೂ, ಈಗ ಓದಿದ ಸಾಲಿನ ಅರ್ಥವೇನೆಂದು ಮಗುವನ್ನು ಕೇಳಿದರೆ ಉತ್ತರವಿಲ್ಲ. ಕೇಳಿದ ನಮ್ಮಲ್ಲೂ ಎಷ್ಟೋ ಸಲ ಉತ್ತರವಿರುವುದಿಲ್ಲ.

ಇನ್ನೊಂದು ಕಡೆ ದಮ್ಮಾಮ್, ಜಿದ್ದಾ, ದುಬೈಗಳಲ್ಲಿ ಐದು ಹತ್ತು ವರ್ಷ ದುಡಿದು ಬಂದವರಿದ್ದಾರೆ. ಅವರು ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ ಅರಬಿ ಮಾತಾಡಬಲ್ಲರು, ಚೌಕಾಸಿ ಮಾಡಬಲ್ಲರು. ಆದರೆ ಶುಕ್ರವಾರದ ಖುತ್ಬಾ ಶುರುವಾದರೆ ಅವರಿಗೂ ನಮ್ಮಷ್ಟೇ ಅರ್ಥವಾಗುತ್ತದೆ. ಹೀಗೆ ಒಂದೇ ಮನೆಯಲ್ಲಿ ಮಗಳು ಅರಬಿಯನ್ನು ಓದುತ್ತಾಳೆ, ಮಾತಾಡಲಾರಳು. ಅಬ್ಬಾ ಮಾತಾಡುತ್ತಾರೆ, ಓದಲಾರರು. ‘ನೀವು ಕಲಿತದ್ದು ನಿಜವಾದ ಅರಬಿ ಅಲ್ಲ’ ಎಂದು ಮಗಳಿಗೆ ಅನ್ನಿಸುತ್ತದೆ. ‘ನೀನು ಓದುವುದನ್ನು ಅಲ್ಲಿ ಯಾರೂ ಆಡುವುದಿಲ್ಲ’ ಎಂದು ಅಬ್ಬಾ ಹೇಳುತ್ತಾರೆ. ಮಕ್ಕಳಿಗೆ ಯಾವ ಅರಬಿ ಕಲಿಸಬೇಕು ಎಂದು ಅನೇಕ ತಂದೆ ತಾಯಂದಿರು ಕೇಳುವುದು ಇದೇ ಗೊಂದಲದಿಂದ. ಈ ತಿಂಗಳು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಅರಬಿಯವರು ಬರೆಯುವ, ಖುತ್ಬಾ ಹೇಳುವ, ವಾರ್ತೆ ಓದುವ, ಕಾನೂನು ಮಾಡುವ ಭಾಷೆಗೆ ‘ಫುಸ್‌ಹಾ’ ಎಂದು ಹೆಸರು. ಮನೆ, ಬೀದಿ, ಸಂತೆಯಲ್ಲಿ ಆಡುವ ಮಾತಿಗೆ ‘ಆಮ್ಮಿಯಾ’ ಅಥವಾ ‘ದಾರಿಜಾ’ ಎನ್ನುತ್ತಾರೆ. ಫುಸ್‌ಹಾ ಮೊರಾಕ್ಕೋದಿಂದ ಒಮಾನ್‌ವರೆಗೆ ಒಂದೇ. ಆಮ್ಮಿಯಾ ದೇಶದಿಂದ ದೇಶಕ್ಕೆ, ಕೆಲವೊಮ್ಮೆ ಊರಿಂದ ಊರಿಗೆ ಬೇರೆ. ಯಾವ ಅರಬ್ ಮಗುವೂ ತಾಯಿಯ ಮಡಿಲಲ್ಲಿ ಫುಸ್‌ಹಾ ಕಲಿಯುವುದಿಲ್ಲ. ಅವರೂ ಶಾಲೆಗೆ ಹೋಗಿ, ವ್ಯಾಕರಣ ಓದಿ, ತಪ್ಪು ಮಾಡಿ, ಬೈಸಿಕೊಂಡೇ ಕಲಿಯಬೇಕು. ಇದು ತಿಳಿದರೆ ನಮ್ಮ ಅರ್ಧ ಭಯ ಹೋಗುತ್ತದೆ.

ಇದೇನು ವಿಚಿತ್ರ ಎನ್ನಬೇಡಿ. ನಮ್ಮ ಮನೆಯೊಳಗೇ ಹೀಗೆ ನಡೆಯುತ್ತಿದೆ. ಪತ್ರಿಕೆಯಲ್ಲಿ ‘ಬರುತ್ತೇನೆ’ ಎಂದು ಓದುತ್ತೇವೆ, ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ‘ಬತ್ತೀನಿ’ ಅನ್ನುತ್ತೇವೆ. ಉರ್ದುವಿನ ಕಥೆಯೂ ಅದೇ. ಬಯಾನ್‌ನಲ್ಲಿ ಮೌಲಾನಾ ‘ಕ್ಯೋಂ’, ‘ಕಿತಾಬೇಂ’ ಎನ್ನುತ್ತಾರೆ. ಮನೆಗೆ ಬಂದರೆ ಅಮ್ಮಿ ‘ಕೈಕು’, ‘ಕಿತಾಬಾಂ’, ‘ನಕ್ಕೋ’ ಎನ್ನುತ್ತಾರೆ. ದಾದಿಯ ದಖನಿ ಲಖನೌದವರಿಗೆ ನಗು ತರಿಸಬಹುದು, ಆದರೆ ಅದು ತಪ್ಪು ಭಾಷೆಯಲ್ಲ. ಬರಹದ ಕನ್ನಡ, ಆಡುವ ಕನ್ನಡ, ಪುಸ್ತಕದ ಉರ್ದು, ಮನೆಯ ದಖನಿ, ಇಷ್ಟನ್ನು ಒಂದೇ ದಿನದಲ್ಲಿ ಎಡವದೆ ದಾಟುವ ನಮಗೆ ಎರಡು ಅರಬಿ ಎಂಬುದು ಗಾಬರಿಯ ವಿಷಯವಾಗಬಾರದು.

ಹೋಲಿಕೆ ಇನ್ನೂ ಒಳಕ್ಕೆ ಹೋಗುತ್ತದೆ. ಬರಹದ ಕನ್ನಡದಲ್ಲಿ ‘ಹುಡುಗನು ಪಾಠವನ್ನು ಬರೆದನು’. ಆಡುವಾಗ ‘ಹುಡುಗ ಪಾಠ ಬರ್ದ’. ‘ನು’, ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯಗಳು ಉದುರಿಹೋದವು. ಅರಬಿಯಲ್ಲೂ ಹಾಗೆಯೇ. ಫುಸ್‌ಹಾದಲ್ಲಿ ‘ಕತಬಲ್ ವಲದುದ್ ದರ್ಸ’. ‘ವಲದು’ ಎಂಬಲ್ಲಿನ ಕೊನೆಯ ‘ಉ’ ಅವನು ಬರೆದವನು ಎಂದು ಹೇಳುತ್ತದೆ, ‘ದರ್ಸ’ ಎಂಬಲ್ಲಿನ ಕೊನೆಯ ‘ಅ’ ಅದು ಬರೆಯಲ್ಪಟ್ಟದ್ದು ಎಂದು ಹೇಳುತ್ತದೆ. ಕೈರೋದ ಬೀದಿಯಲ್ಲಿ ಇದು ‘ಇಲ್ ವಲದ್ ಕತಬ್ ಇದ್ದರ್ಸ್’. ಕೊನೆಯ ಸ್ವರಗಳು ಹೋದವು. ಈ ಕೊನೆಯ ಸ್ವರಗಳ ಶಾಸ್ತ್ರಕ್ಕೆ ‘ಇಅರಾಬ್’ ಎಂದು ಹೆಸರು. ಮಕ್ತಬ್‌ನಲ್ಲಿ ಝಬರ್, ಝೇರ್, ಪೇಶ್ ಎಂದು ಮಕ್ಕಳು ಬಾಯಿಪಾಠ ಮಾಡುವುದು ಬರೀ ಉಚ್ಚಾರಣೆಗಲ್ಲ, ಪದದ ಕೊನೆಯಲ್ಲಿ ಅವು ವಿಭಕ್ತಿಯ ಕೆಲಸವನ್ನೂ ಮಾಡುತ್ತವೆ. ಇಷ್ಟು ಮಾತನ್ನು ಮಕ್ಕಳಿಗೆ ಹೇಳಿಕೊಟ್ಟರೆ ಆರನೇ ತರಗತಿಯಲ್ಲಿ ಪ್ರಥಮಾ, ದ್ವಿತೀಯಾ ಕಲಿಯುವಾಗ ಅವರ ಮುಖದಲ್ಲೊಂದು ಬೆಳಕು ಕಾಣುತ್ತದೆ.

ಈ ಸ್ವರಗಳು ಎಷ್ಟು ಮುಖ್ಯ ಎಂಬುದಕ್ಕೆ ಹಿಂದಿನಿಂದ ಬಂದ ಒಂದು ವೃತ್ತಾಂತವಿದೆ. ಸೂರಃ ಅತ್ತೌಬಾದ ಮೂರನೆಯ ಆಯತ್‌ನಲ್ಲಿ ‘ರಸೂಲ್’ ಪದದ ಲಾಮ್ ಮೇಲೆ ಪೇಶ್ ಇದೆ. ಅದನ್ನು ಒಬ್ಬರು ಝೇರ್ ಆಗಿ ಓದಿದರಂತೆ. ಅಷ್ಟರಿಂದಲೇ ಅರ್ಥ ಬುಡಮೇಲಾಗಿ, ಅಲ್ಲಾಹನು ಪ್ರವಾದಿಯವರನ್ನೇ(ಸ) ದೂರವಿಟ್ಟಂತೆ ಆಗುತ್ತದೆ. ಇದನ್ನು ಕೇಳಿ ನಡುಗಿದ ಅಬುಲ್ ಅಸ್ವದ್ ಅದ್ದುಅಲೀ ಎಂಬ ವಿದ್ವಾಂಸರು ಸ್ವರಗಳನ್ನು ತೋರಿಸಲು ಬಣ್ಣದ ಚುಕ್ಕೆಗಳನ್ನು ಇಡುವ ಕ್ರಮ ತಂದರು ಎನ್ನುತ್ತಾರೆ. ಅವರು ತೀರಿಕೊಂಡದ್ದು ಕ್ರಿ.ಶ. 688ರ ಸುಮಾರಿಗೆ. ಅದಾಗಿ ನೂರು ವರ್ಷದೊಳಗೆ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಇಂದಿನ ಝಬರ್, ಝೇರ್, ಪೇಶ್‌ಗಳ ರೂಪ ಕೊಟ್ಟರು. ಅವರ ಶಿಷ್ಯ ಸೀಬವೈಹಿ ಬರೆದ ‘ಅಲ್ ಕಿತಾಬ್’ ಅರಬಿ ವ್ಯಾಕರಣದ ಮೊದಲ ದೊಡ್ಡ ಗ್ರಂಥ. ಸೀಬವೈಹಿ ಅರಬರಲ್ಲ, ಪಾರಸಿಯವರು. ಅರಬರ ಭಾಷೆಗೆ ಕಟ್ಟುನಿಟ್ಟಾದ ವ್ಯಾಕರಣ ಬರೆದುಕೊಟ್ಟವರು ಅದನ್ನು ಹೊರಗಿನಿಂದ ಬಂದು ಕಲಿತವರು! ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕೆ?

ಇನ್ನು ಆಡುಮಾತಿನ ಕಡೆಗೆ ಬರೋಣ. ‘ನಿನಗೆ ಏನು ಬೇಕು’ ಎಂಬುದನ್ನು ಫುಸ್‌ಹಾದಲ್ಲಿ ‘ಮಾದಾ ತುರೀದ್’ ಎನ್ನಬೇಕು. ರಿಯಾದ್‌ನಲ್ಲಿ ‘ವೇಶ್ ತಬೀ’ ಎಂದು ಕೇಳುತ್ತಾರೆ, ಕೈರೋದಲ್ಲಿ ‘ಆಯಿಝ್ ಏ’, ದಮಸ್ಕಸ್‌ನಲ್ಲಿ ‘ಶೂ ಬಿದ್ದಕ್’, ಮೊರಾಕ್ಕೋದಲ್ಲಿ ‘ಆಶ್ ಬ್ಗೀತಿ’. ಕ್ಷೇಮ ವಿಚಾರಿಸುವಾಗ ಕುವೈತ್, ಇರಾಕ್ ಕಡೆಯವರು ‘ಶ್ಲೋನಕ್’ ಎನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ಬಿಡಿಸಿದರೆ ‘ನಿನ್ನ ಬಣ್ಣವೇನು’ ಎಂದಾಗುತ್ತದೆ. ಮುಖದ ಕಳೆ ನೋಡಿ ಆರೋಗ್ಯ ತಿಳಿಯುವ ನಮ್ಮ ಅಜ್ಜಿಯರಿಗೆ ಇದು ಹಿಡಿಸೀತು.

ಅಕ್ಷರಗಳ ಉಚ್ಚಾರವೂ ಬದಲಾಗುತ್ತದೆ. ಗಂಟಲಿನ ಆಳದಿಂದ ಬರಬೇಕಾದ ‘ಕಾಫ್’ ಕೊಲ್ಲಿ ದೇಶಗಳಲ್ಲಿ ‘ಗ’ ಆಗುತ್ತದೆ, ಕೈರೋದಲ್ಲಿ ಮಾಯವೇ ಆಗುತ್ತದೆ. ಕಾಫಿಗೆ ಪುಸ್ತಕದಲ್ಲಿ ‘ಕಹ್ವಾ’, ದುಬೈಯಲ್ಲಿ ‘ಗಹ್ವಾ’, ಕೈರೋದಲ್ಲಿ ‘ಅಹ್ವಾ’. ‘ಜೀಮ್’ ಕೈರೋದಲ್ಲಿ ‘ಗ’ ಆಗುವುದರಿಂದ ಅವರಿಗೆ ಜುಮಾ ‘ಗುಮಾ’. ಮೊರಾಕ್ಕೋದ ಹಳ್ಳಿಗನೂ ಕುವೈತಿನ ಅಂಗಡಿಯವನೂ ತಮ್ಮ ತಮ್ಮ ಮನೆಮಾತಿನಲ್ಲೇ ಮಾತಾಡಿದರೆ ಒಬ್ಬರಿಗೊಬ್ಬರು ಅರ್ಥವಾಗುವುದು ಕಷ್ಟ. ಅವರಿಬ್ಬರನ್ನೂ ಒಂದು ಮಾಡುವುದು ಫುಸ್‌ಹಾ.

ಹಾಗೆಂದು ಆಡುಮಾತನ್ನು ಕೀಳಾಗಿ ನೋಡುವುದು ಸರಿಯಲ್ಲ. ಪ್ರವಾದಿಯವರ(ಸ) ಕಾಲದಲ್ಲೇ ಕುರೈಶ್, ತಮೀಮ್, ಹುದೈಲ್ ಮುಂತಾದ ಕುಲಗಳ ಮಾತಿನ ರೀತಿ ಬೇರೆ ಬೇರೆಯಾಗಿತ್ತು. ಕುರ್‌ಆನ್ ಏಳು ‘ಅಹ್ರುಫ್’ಗಳಲ್ಲಿ ಅವತೀರ್ಣವಾಯಿತೆಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಉಲಮಾಗಳು ಅದಕ್ಕೆ ಹಲವು ವಿವರಣೆ ಕೊಟ್ಟಿದ್ದಾರೆ. ಬೇರೆ ಬೇರೆ ಕುಲದವರ ನಾಲಿಗೆಗೆ ಸುಲಭವಾಗಲೆಂದು ಎಂಬುದು ಅವುಗಳಲ್ಲಿ ಒಂದು. ಮುಂದೆ ಉಸ್ಮಾನ್(ರ) ಅವರು ಮುಸ್‌ಹಫ್ ಬರೆಸುವಾಗ, ಬರೆಯುವವರಲ್ಲಿ ಭಿನ್ನಾಭಿಪ್ರಾಯ ಬಂದರೆ ಕುರೈಶರ ಭಾಷೆಯಂತೆ ಬರೆಯಿರಿ ಎಂದು ಸೂಚಿಸಿದರು. ಮಾತಿನ ವೈವಿಧ್ಯಕ್ಕೆ ರಿಯಾಯಿತಿ ಇತ್ತು, ಬರಹಕ್ಕೆ ಒಂದು ಗಟ್ಟಿ ನೆಲೆಯೂ ಇತ್ತು.

ಫುಸ್‌ಹಾ ಎಂದರೆ ಹದಿನಾಲ್ಕು ಶತಮಾನಗಳ ಹಿಂದೆಯೇ ನಿಂತುಹೋದ ಭಾಷೆ ಎಂದೂ ತಿಳಿಯಬಾರದು. 1973ರಿಂದ ಅದು ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳಲ್ಲೊಂದು. ವ್ಯಾಕರಣದ ಎಲುಬು ಅದೇ ಇದ್ದರೂ ಪದಗಳು ಹೊಸ ಕೆಲಸ ಹೊತ್ತುಕೊಂಡಿವೆ. ಸೂರಃ ಯೂಸುಫ್‌ನಲ್ಲಿ ‘ಸಯ್ಯಾರಾ’ ಎಂದರೆ ದಾರಿಹೋಕರ ತಂಡ. ಇಂದು ಸಯ್ಯಾರಾ ಎಂದರೆ ಕಾರು. ‘ಕಿತಾರ್’ ಎಂದರೆ ಹಿಂದೆ ಒಂದರ ಹಿಂದೊಂದು ಕಟ್ಟಿದ ಒಂಟೆಗಳ ಸಾಲು. ಇಂದು ಅರಸೀಕೆರೆ ಜಂಕ್ಷನ್‌ನಲ್ಲಿ ನಿಲ್ಲುವ ರೈಲಿಗೂ ಅರಬಿಯಲ್ಲಿ ಕಿತಾರ್ ಎಂದೇ ಹೇಳಬೇಕು. ಒಳ್ಳೆಯ ಹೆಸರು!

ನಮ್ಮ ಹುಡುಗರು ಕೊಲ್ಲಿಯಲ್ಲಿ ಕಲಿಯುವುದು ಏನು ಎಂಬುದನ್ನು ಬಿಚ್ಚಿ ಹೇಳಲೇಬೇಕು. ಹಲವರು ಕಲಿಯುವುದು ಅರಬರು ತಮ್ಮೊಳಗೆ ಆಡುವ ಆಮ್ಮಿಯಾ ಕೂಡ ಅಲ್ಲ. ಅದು ಕೆಲಸದ ಜಾಗದ ಕಲಬೆರಕೆ ಮಾತು. ‘ಅನಾ ಮಾಫಿ ರೂಹ್’ ಎಂದರೆ ‘ನಾನು ಇಲ್ಲ ಹೋಗು’. ಹೋಗುವುದಿಲ್ಲ ಎಂಬುದು ತಿಳಿಯುತ್ತದೆ, ಕೆಲಸ ನಡೆಯುತ್ತದೆ, ಆದರೆ ಕ್ರಿಯಾಪದಕ್ಕೆ ಕಾಲವಿಲ್ಲ, ಪುರುಷವಿಲ್ಲ. ಇದನ್ನು ನಗಬೇಡಿ. ಮಲಯಾಳಿ, ಬಂಗಾಳಿ, ನೇಪಾಳಿ, ಅರಬ ಎಲ್ಲರೂ ಸೇರಿ ದುಡಿಯುವ ಕಡೆ ಇಂಥ ಮಾತು ಹುಟ್ಟಲೇಬೇಕು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇದೆ: ಕೊಲ್ಲಿಯ ಟ್ಯಾಕ್ಸಿಯಲ್ಲಿ ‘ನೇರ ಹೋಗು’ ಎನ್ನಲು ಅರಬರೇ ನಮ್ಮ ‘ಸೀದಾ’ ಬಳಸುತ್ತಾರೆ. ಕಷ್ಟ ಶುರುವಾಗುವುದು ಕಾಗದ ಕೈಗೆ ಬಂದಾಗ.

ಸೌದಿ ಅರೇಬಿಯಾದ ಕಾರ್ಮಿಕ ಕಾನೂನಿನಂತೆ, ಕೆಲಸದ ಒಪ್ಪಂದವು ಅರಬಿಯ ಜೊತೆ ಬೇರೆ ಭಾಷೆಯಲ್ಲಿದ್ದರೂ ಊರ್ಜಿತವಾಗುವುದು ಅರಬಿ ಪಾಠವೇ. ಎಂಟು ವರ್ಷ ಅರಬಿ ಮಾತಾಡಿದವನೂ ಆ ಹಾಳೆಯ ಮುಂದೆ ಹೆಬ್ಬೆಟ್ಟು ಒತ್ತುವವನಂತೆ ನಿಲ್ಲುವುದುಂಟು. ಸಂಬಳದ ಮೊತ್ತ, ರಜೆ, ಕೆಲಸದ ಹೆಸರು ಎಲ್ಲವೂ ಅಲ್ಲಿ ಫುಸ್‌ಹಾದಲ್ಲಿ ಬರೆದಿರುತ್ತದೆ. ಮಕ್ತಬ್‌ನಲ್ಲಿ ಕಲಿತ ಅಕ್ಷರ ಅವನ ಬಳಿ ಇದೆ, ಬೀದಿಯಲ್ಲಿ ಕಲಿತ ಪದಗಳೂ ಇವೆ. ಇವೆರಡನ್ನೂ ಯಾರೂ ಒಂದಕ್ಕೊಂದು ಗಂಟು ಹಾಕಿಕೊಟ್ಟಿಲ್ಲ, ಅಷ್ಟೆ.

ಆ ಗಂಟು ಎಂದರೆ ಮೂಲಧಾತು. ಅರಬಿಯ ಹೆಚ್ಚಿನ ಪದಗಳು ಮೂರು ವ್ಯಂಜನಗಳಿಂದ ಹುಟ್ಟುತ್ತವೆ. ಕಾಫ್, ವಾವ್, ಮೀಮ್ ಎಂಬ ಮೂರನ್ನು ತೆಗೆದುಕೊಳ್ಳಿ. ಎದ್ದು ನಿಲ್ಲುವುದು ಅದರ ಮೂಲ ಭಾವ. ನಮಾಝ್‌ನಲ್ಲಿ ನಿಲ್ಲುವುದು ‘ಕಿಯಾಮ್’. ಎಲ್ಲರೂ ಎದ್ದು ನಿಲ್ಲುವ ದಿನ ‘ಕಿಯಾಮತ್’. ಜಮಾಅತ್‌ಗೆ ನಿಲ್ಲಿಸುವ ಕರೆ ‘ಇಕಾಮತ್’. ನಮ್ಮ ‘ಕೌಮ್’ ಅದೇ ಮೂಲದ್ದು. ಕನ್ನಡದಲ್ಲಿ ಅಧಿಕಾರಿಗಳು ‘ಮೊಕ್ಕಾಂ’ ಹೂಡುತ್ತಾರಲ್ಲ, ಅದೂ ಅಲ್ಲಿಂದಲೇ ಬಂದದ್ದು. ಸೌದಿಯಲ್ಲಿ ಜೇಬಿನಲ್ಲಿಟ್ಟುಕೊಂಡು ತಿರುಗಬೇಕಾದ ವಾಸದ ಪರವಾನಗಿ ‘ಇಕಾಮಾ’ ಮತ್ತು ಮಸೀದಿಯಲ್ಲಿ ದಿನಕ್ಕೆ ಐದು ಸಲ ಕೇಳುವ ಇಕಾಮತ್ ಎರಡೂ ಒಂದೇ ಪದ. ಕೊಲ್ಲಿಯಲ್ಲಿ ಕೆಲಸ ಮುಗಿದರೆ ‘ಖಲಾಸ್’. ಕನ್ನಡದ ಖಲಾಸ್ ಕೂಡ ಅದೇ, ಮಕ್ಕಳೆಲ್ಲ ಬಲ್ಲ ಸೂರಃ ಅಲ್ ಇಖ್ಲಾಸ್ ಕೂಡ ಅದೇ ಧಾತುವಿನ ಕುಡಿ. ಜುಮಾ, ಜಮಾಅತ್, ಜಾಮಿಯಾ ಮಸೀದಿ, ಬ್ಯಾಂಕಿನ ಜಮಾ, ಕಂದಾಯದ ಜಮಾಬಂದಿ ಎಲ್ಲ ಇನ್ನೊಂದು ಧಾತುವಿನ ಮಕ್ಕಳು.

ಕುರ್‌ಆನ್‌ನಲ್ಲಿ ಸುಮಾರು 77 ಸಾವಿರ ಪದಗಳಿವೆ. ಕೇಳಿದರೆ ಎದೆ ನಡುಗುತ್ತದೆ. ಆದರೆ ಅವುಗಳ ಧಾತುಗಳು ಎರಡು ಸಾವಿರದೊಳಗೇ ಮುಗಿಯುತ್ತವೆ, ಪದೇ ಪದೇ ಬರುವ ಧಾತುಗಳು ಅದಕ್ಕಿಂತ ಎಷ್ಟೋ ಕಡಿಮೆ. ಉರ್ದು, ಕನ್ನಡ ಎರಡೂ ಬಲ್ಲ ನಮ್ಮ ಮಕ್ಕಳ ಬಾಯಲ್ಲಿ ಅವುಗಳಲ್ಲಿ ನೂರಾರು ಈಗಾಗಲೇ ಇವೆ.

ಇಲ್ಲೊಂದು ಎಚ್ಚರಿಕೆ. ಉರ್ದುವಿಗೆ ಬಂದ ಅರಬಿ ಪದಗಳೆಲ್ಲ ಹಳೆಯ ಅರ್ಥವನ್ನೇ ಇಟ್ಟುಕೊಂಡಿಲ್ಲ. ನಮಗೆ ‘ಗರೀಬ್’ ಬಡವ, ಅರಬಿಯಲ್ಲಿ ಪರದೇಶಿ ಅಥವಾ ಅಪರಿಚಿತ. ನಮಗೆ ‘ಜುಲೂಸ್’ ಮೆರವಣಿಗೆ, ಅರಬಿಯಲ್ಲಿ ಕುಳಿತುಕೊಳ್ಳುವುದು! ‘ತಕರಾರು’ ಅಲ್ಲಿ ಬರೀ ಪುನರಾವರ್ತನೆ. ‘ತಕ್ರೀರ್’ ಎಂದರೆ ಭಾಷಣವಲ್ಲ, ವರದಿ. ಉರ್ದುವಿನಲ್ಲಿ ಗಂಡನಿಗೆ ‘ಖಸಮ್’ ಎನ್ನುವುದುಂಟು. ಅರಬಿಯಲ್ಲಿ ಅದು ಎದುರಾಳಿ. ಈ ಬಗ್ಗೆ ನಾವು ಟೀಕೆ ಬರೆಯುವುದಿಲ್ಲ, ಮನೆಯ ಹೆಂಗಸರೇ ನಿರ್ಧರಿಸಲಿ.

ಹಾಗಾದರೆ ಯಾವುದನ್ನು ಮೊದಲು ಕಲಿಯಬೇಕು? ಊರಿನಲ್ಲಿರುವ ಮಕ್ಕಳಿಗೂ ಹಿರಿಯರಿಗೂ ಮೊದಲು ಫುಸ್‌ಹಾ ಎಂಬುದು ನಮ್ಮ ಅಭಿಪ್ರಾಯ. ಕುರ್‌ಆನ್, ಹದೀಸ್, ಖುತ್ಬಾ, ಒಪ್ಪಂದ ಪತ್ರ, ಔಷಧಿ ಚೀಟಿ, ಪತ್ರಿಕೆ ಎಲ್ಲಕ್ಕೂ ಅದೇ ಬಾಗಿಲು. ಆಮ್ಮಿಯಾವನ್ನು ಕಣಕಟ್ಟೆಯಲ್ಲಿ ಕುಳಿತು ಕಲಿಯಲು ಹೊರಟರೆ ಯಾವ ದೇಶದ್ದು ಎಂಬ ಪ್ರಶ್ನೆ ಮೊದಲು ಬರುತ್ತದೆ. ಕೈರೋದ್ದನ್ನು ಕಲಿತು ರಿಯಾದ್‌ಗೆ ಹೋದರೆ ಅರ್ಧ ಶ್ರಮ ವ್ಯರ್ಥ. ಫುಸ್‌ಹಾದ ಬುಡ ಇದ್ದವನು ಆ ನೆಲದ ಮಾತನ್ನು ಅಲ್ಲಿಯೇ ಬೇಗ ಹಿಡಿಯುತ್ತಾನೆ. ತಿಂಗಳೊಪ್ಪತ್ತಿನಲ್ಲಿ ಅರಬಿ ಮಾತಾಡಿಸುತ್ತೇವೆಂದು ಹಣ ಕೇಳುವ ಜಾಹೀರಾತುಗಳಲ್ಲಿ ಯಾವ ಅರಬಿ ಎಂಬುದೇ ಬರೆದಿರುವುದಿಲ್ಲ. ಹಣ ಕೊಡುವ ಮೊದಲು ಅದನ್ನು ಕೇಳಿ.

ಮಕ್ತಬ್‌ನ ಓದನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಖಾಯಿದಾ ಕೊಟ್ಟ ನಾಲಿಗೆಯ ಶಿಸ್ತು ಬೇರೆಲ್ಲೂ ಸಿಗದು. ‘ಕಲ್ಬ್’ ಎಂಬುದನ್ನು ಗಂಟಲಿನ ಕಾಫ್‌ನಿಂದ ಹೇಳಿದರೆ ಹೃದಯ, ಸಾದಾ ಕಾಫ್‌ನಿಂದ ಹೇಳಿದರೆ ನಾಯಿ. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯಬೇಕಾಗುತ್ತದೆ, ಈ ಲೇಖನದಲ್ಲೂ ನೋಡಿ, ಬೇರೆ ದಾರಿಯಿಲ್ಲ. ಆದ್ದರಿಂದ ಕನ್ನಡ ಅಕ್ಷರದಲ್ಲಿ ಅಚ್ಚಾದ ಸೂರಃಗಳ ಕಿರುಪುಸ್ತಕ ನೋಡಿ ಬಾಯಿಪಾಠ ಮಾಡುವವರು ಒಮ್ಮೆಯಾದರೂ ಹಜರತ್ ಮುಂದೆ ಓದಿ ತಿದ್ದಿಸಿಕೊಳ್ಳಬೇಕು.

ಮುಂದಿನ ಹೆಜ್ಜೆಗೆ ಒಳ್ಳೆಯ ಪುಸ್ತಕ ನಮ್ಮ ನೆರೆಯವರೇ ಬರೆದದ್ದಿದೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ಸಿಗುವ ವಾಣಿಯಂಬಾಡಿಯ ಡಾ. ವಿ. ಅಬ್ದುರ್ರಹೀಮ್ ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಹೊರನಾಡಿನ ವಿದ್ಯಾರ್ಥಿಗಳಿಗೆ ಅರಬಿ ಕಲಿಸಿದರು. ಆ ತರಗತಿಗಳಿಗಾಗಿ ಅವರು ಬರೆದ ‘ದುರೂಸುಲ್ ಲುಗತಿಲ್ ಅರಬಿಯ್ಯಾ’ ಮೂರು ಭಾಗಗಳಲ್ಲಿದೆ, ಇಂದು ಲೋಕದಾದ್ಯಂತ ಮದೀನಾ ಪುಸ್ತಕವೆಂದೇ ಹೆಸರಾಗಿದೆ. 2023ರಲ್ಲಿ ಅವರು ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ. ಮೊದಲ ಪಾಠದಲ್ಲಿ ಮನೆ, ಮಸೀದಿ, ಬಾಗಿಲು, ಪುಸ್ತಕ, ಲೇಖನಿಗಳನ್ನು ತೋರಿಸಿ ಇದೇನು ಎಂದು ಕೇಳುವುದಷ್ಟೇ ಇದೆ. ಕುರ್‌ಆನ್ ಓದಲು ಬಲ್ಲ ಯಾವ ತಾಯಿಯೂ ಅದನ್ನು ಅಡುಗೆಮನೆಯಲ್ಲೇ ಮಕ್ಕಳಿಗೆ ಕಲಿಸಬಹುದು.

ಸರ್ಕಾರಿ ವ್ಯವಸ್ಥೆಯಲ್ಲೂ ದಾರಿಯಿದೆ. ಕರ್ನಾಟಕದ ಎಸ್.ಎಸ್.ಎಲ್.ಸಿ.ಯಲ್ಲಿ ತೃತೀಯ ಭಾಷೆಯಾಗಿಯೂ ಪಿ.ಯು.ಸಿ.ಯಲ್ಲಿ ಭಾಷಾ ವಿಷಯವಾಗಿಯೂ ಅರಬಿ ಇದೆ, ಕಲಿಸುವವರಿರುವ ಶಾಲೆ ಕಾಲೇಜು ಸಿಗಬೇಕಷ್ಟೆ. ಆಲಿಮ್ ಆಗಬಯಸುವವರಿಗೆ ಬೆಂಗಳೂರಿನ ಸಬೀಲುರ್ರಶಾದ್, ಭಟ್ಕಳದ ಜಾಮಿಯಾ ಇಸ್ಲಾಮಿಯಾದಂಥ ಸಂಸ್ಥೆಗಳಿವೆ. ಈ ನಾಡಿಗೆ ಈ ಓದು ಹೊಸದಲ್ಲ. ಬೀದರ್‌ನಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಗೋಡೆಯಲ್ಲಿ ಬಣ್ಣದ ಹೆಂಚುಗಳ ಮೇಲಿನ ಅರಬಿ ಅಕ್ಷರ ಇಂದಿಗೂ ಉಳಿದಿದೆ.

ಕಿವಿಯ ಅಭ್ಯಾಸಕ್ಕೆ ಫುಸ್‌ಹಾದ ವಾರ್ತೆ ಕೇಳಬಹುದು. ಮಕ್ಕಳಿಗಾದರೆ ಫುಸ್‌ಹಾಕ್ಕೆ ಡಬ್ ಮಾಡಿದ ಕಾರ್ಟೂನ್‌ಗಳು ಉತ್ತಮ. 1979ರಲ್ಲಿ ಕುವೈತಿನಲ್ಲಿ ಶುರುವಾದ ‘ಇಫ್ತಹ್ ಯಾ ಸಿಮ್ಸಿಮ್’ ಎಂಬ ಮಕ್ಕಳ ಕಾರ್ಯಕ್ರಮಕ್ಕೆ ಸರಳ ಫುಸ್‌ಹಾವನ್ನೇ ಆರಿಸಿದರು, ಎಲ್ಲ ಅರಬ್ ದೇಶಗಳ ಮಕ್ಕಳಿಗೂ ತಿಳಿಯಲೆಂದು. ಈಜಿಪ್ಟಿನ ಸಿನಿಮಾ ನೋಡಿ ಕುರ್‌ಆನ್ ಅರ್ಥವಾದೀತೆಂದು ಮಾತ್ರ ಕಾಯಬೇಡಿ.

ಎಲ್ಲಕ್ಕಿಂತ ಹತ್ತಿರದ ಪಾಠಶಾಲೆ ಶುಕ್ರವಾರದ ಖುತ್ಬಾ. ಈ ಪತ್ರಿಕೆಯ ಸಾರಾಂಶವನ್ನು ಮನೆಯಲ್ಲಿ ಓದಿಕೊಂಡು, ಮಸೀದಿಯಲ್ಲಿ ಕೆಲವೇ ಪದಗಳಿಗಾಗಿ ಕಿವಿ ತೆರೆದಿಡಿ. ‘ಅಮ್ಮಾ ಬಅದ್’ ಬಂದರೆ ಹೊಗಳಿಕೆ ಮುಗಿದು ವಿಷಯ ಶುರುವಾಯಿತೆಂದು ತಿಳಿಯಿರಿ. ‘ತಕ್ವಾ’ ಎಷ್ಟು ಸಲ ಬರುತ್ತದೆ ಎಂದು ಗಮನಿಸಿ. ಎರಡನೆಯ ಖುತ್ಬಾದ ಕೊನೆಯಲ್ಲಿ ಸೂರಃ ಅನ್ನಹ್ಲ್‌ನ 90ನೆಯ ಆಯತ್ ಓದುವ ವಾಡಿಕೆ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರ ಕಾಲದಿಂದ ಬಂದದ್ದೆನ್ನುತ್ತಾರೆ. ಅದರಲ್ಲಿ ಬರುವ ‘ಅದ್ಲ್’ ಎಂದರೆ ನ್ಯಾಯ, ತಾಲೂಕು ನ್ಯಾಯಾಲಯದ ಲೋಕ ಅದಾಲತ್ ಅದೇ ಧಾತುವಿನಿಂದ ಬಂದದ್ದು. ‘ಇಹ್ಸಾನ್’ ಪದವನ್ನು ಮನೆಯಲ್ಲಿ ಈಗಾಗಲೇ ಬಳಸುತ್ತೇವೆ. ವಾರಕ್ಕೆ ಐದು ಪದ ಎಂದುಕೊಂಡರೂ ವರ್ಷಕ್ಕೆ ಇನ್ನೂರ ಐವತ್ತು ದಾಟುತ್ತದೆ.

ಇನ್ನು, ವೀಸಾ ಕೈಗೆ ಬಂದು ಮುಂದಿನ ತಿಂಗಳೇ ಹೊರಡುವವರು ವ್ಯಾಕರಣಕ್ಕೆ ಕೂರಲಾರರು. ಅವರು ಕಾಗದದಲ್ಲಿ ಬರುವ ನಾಲ್ಕು ಪದಗಳನ್ನು ಅರಬಿ ಲಿಪಿಯಲ್ಲೇ ಗುರುತಿಸಲು ಕಲಿಯಲಿ: ‘ಅಕ್ದ್’ ಒಪ್ಪಂದ (ನಿಕಾಹ್‌ಗೂ ನಾವು ಇದೇ ಪದ ಬಳಸುತ್ತೇವೆ), ‘ರಾತಿಬ್’ ಸಂಬಳ, ‘ಇಜಾಝಾ’ ರಜೆ, ‘ಕಫೀಲ್’ ಹೊಣೆಗಾರ. ಜೊತೆಗೆ ಅಂಕಿಗಳು. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ನಮ್ಮಂತೆ ಎಡದಿಂದ ಬಲಕ್ಕೇ ಬರೆಯುತ್ತಾರೆ. ಸೊನ್ನೆ ಅಲ್ಲಿ ಬರೀ ಒಂದು ಚುಕ್ಕೆ, ನಮಗೆ ಸೊನ್ನೆಯಂತೆ ಕಾಣುವುದು ಐದು. ಇಂಗ್ಲಿಷ್ ಏಳರಂತೆ ಕಾಣುವುದು ಆರು. ಏಳು ಇಂಗ್ಲಿಷಿನ ‘ವಿ’ ಅಕ್ಷರದಂತೆ, ಎಂಟು ಅದನ್ನೇ ತಲೆಕೆಳಗು ಮಾಡಿದಂತೆ. ಒಂದು ಸಂಜೆ ಸಾಕು. ಸಂಬಳದ ಚೀಟಿಯಲ್ಲಿ 1,500 ಎಂದಿದೆಯೋ 1,000 ಎಂದಿದೆಯೋ ಎಂಬುದನ್ನು ಇನ್ನೊಬ್ಬರಿಂದ ಓದಿಸುವ ಅಗತ್ಯ ಆಮೇಲೆ ಬರುವುದಿಲ್ಲ.